ಬುಧವಾರದ ಪರದೆ

"ಏಯ್! ನಿಲ್ಲಿ! ಅಲ್ಲೇ ನಿಲ್ಲಿ!"

ಸೀಟಿ ಕಿವಿ ಸೀಳುವಂತೆ ಕೂಗಿತು. ಈಜುಕೊಳದಲ್ಲಿದ್ದ ಹನ್ನೆರಡು ಹೆಂಗಸರು ಒಟ್ಟಿಗೆ ಕಿರುಚಿ ಕುತ್ತಿಗೆಯವರೆಗೆ ಮುಳುಗಿದರು. ನೀಲಿ ಪರದೆ ಸರಿಸಿಕೊಂಡು ಒಳಬಂದ ಗಂಡಸು ಮಾತ್ರ ಕೈಯಲ್ಲಿದ್ದ ಫೈಲಿನಿಂದ ತಲೆಯನ್ನೇ ಎತ್ತಿರಲಿಲ್ಲ. ಸೀಟಿಗೆ ಬೆಚ್ಚಿಬಿದ್ದವನು ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಗೆ ನೆಲವೇ ಇರಲಿಲ್ಲ!

ಬಿದ್ದದ್ದಾದರೂ ಎಲ್ಲಿ? ಎಂಟು ಅಡಿ ಆಳದ ಕಡೆಗೇ! ಒಂದು ಸಲ ಕನ್ನಡಕ ಮೇಲೆ ಬಂತು, ಒಂದು ಸಲ ಕೈ ಮೇಲೆ ಬಂತು, ಆಮೇಲೆ ಬರೀ ಗುಳ್ಳೆ...

ದಡದಲ್ಲಿ ನಿಂತು ಈಜು ಕಲಿಸುತ್ತಿದ್ದವಳು ಬಾಯಲ್ಲಿದ್ದ ಸೀಟಿ ಉಗುಳಿ ಧುಮುಕಿದಳು. ಕಾಲರ್ ಹಿಡಿದು ಎಳೆತಂದು ಮೆಟ್ಟಿಲ ಮೇಲೆ ಕುಕ್ಕಿದಳು.

"ಹೊರಗೆ ಅಷ್ಟು ದೊಡ್ಡ ಬೋರ್ಡ್ ಹಾಕಿದೀವಿ. ಬುಧವಾರ ಎರಡರಿಂದ ನಾಲ್ಕು, ಹೆಂಗಸರಿಗೆ ಮಾತ್ರ ಅಂತ. ಓದೋಕೆ ಬರಲ್ವಾ ನಿಮಗೆ?"

ಆತ ಕೆಮ್ಮಿದ, ನೀರು ಕಕ್ಕಿದ, ಒದ್ದೆ ಫೈಲನ್ನು ಎದೆಗೊತ್ತಿಕೊಂಡ. "ಓದ್ತಾ... ಓದ್ತಾನೇ ಬಂದೆ..."

"ಏನನ್ನ?"

"ಈ ಕೊಳದ ನಿಯಮಾವಳಿ."

ಆಗ ಎದ್ದ ನಗು ನೋಡಬೇಕಿತ್ತು! ಎಲ್ಲರಿಗಿಂತ ಜೋರಾಗಿ ನಕ್ಕವರು, ಆಳವಿಲ್ಲದ ಕಡೆ ಕಂಬಿ ಹಿಡಿದು ನಿಂತಿದ್ದ ಅವಳ ಅಮ್ಮ.

ಅವಳಿಗೆ ಮಾತ್ರ ನಗು ಬರಲಿಲ್ಲ. ಕನ್ನಡಕವಿಲ್ಲದ ಆ ಕಣ್ಣುಗಳು ನಾಚಿಕೆಯಿಂದ ಅವಳನ್ನು ನೋಡಿ, ಇದು ಹೆಂಗಸರ ಹೊತ್ತು ಎಂದು ನೆನಪಾದಂತೆ ತಟ್ಟನೆ ಗೋಡೆಯ ಕಡೆ ತಿರುಗಿಕೊಂಡವು.

'ಛೀ, ಇದೇನಿದು! ಮುಳುಗಿದ್ದು ಇವರು, ಉಸಿರು ಕಟ್ಟಿದ್ದು ನನಗಾ?'

ಊರಿನವರು ಅವಳನ್ನು ಸೀಟಿ ಮೇಡಂ ಎಂದೇ ಕರೆಯುತ್ತಿದ್ದರು. ಈಜು ಕಲಿಸುವುದು ಕೆಲಸ, ವಯಸ್ಸು ಇಪ್ಪತ್ತೊಂಬತ್ತು, ಮೂಗಿನ ತುದಿಯಲ್ಲೇ ಕೋಪ. ಅವಳ ಜನ ಎರಡು ತಲೆಮಾರಿನ ಹಿಂದೆ ಬೇರೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಅವರ ಹೆಂಗಸರು ಗಂಡಸರ ಎದುರು ನೀರಿಗಿಳಿಯುವವರಲ್ಲ. ಇಳಿದದ್ದು ಇವಳೊಬ್ಬಳೇ, ಅದೂ ಅಪ್ಪ ಬದುಕಿದ್ದಾಗ ಹಟ ಮಾಡಿ.

ಅಮ್ಮನ ಮಂಡಿ ಸವೆದು, ಡಾಕ್ಟರು "ನೀರಲ್ಲಿ ನಡೀರಿ, ಇಲ್ಲಾಂದ್ರೆ ನಡೆಯೋದನ್ನೇ ಮರೆತುಬಿಡಿ" ಎಂದಿದ್ದರು. ಅದಕ್ಕೇ ಇವಳು ಸಮಿತಿಯ ಮುಂದೆ ಅರ್ಜಿ ಇಟ್ಟು, ಮೂರು ತಿಂಗಳ ಮಟ್ಟಿಗೆ ಈ ಬುಧವಾರದ ಎರಡು ಗಂಟೆ ಗಿಟ್ಟಿಸಿಕೊಂಡಿದ್ದಳು. ಬಟ್ಟೆ ಅಂಗಡಿಯ ಸೋದರಮಾವ ಪರದೆ ಕೊಟ್ಟಿದ್ದ. ಮೂರು ತಿಂಗಳಾದ ಮೇಲೆ ಐದು ಜನರ ಸಮಿತಿ ಮತ ಹಾಕಿ, ಇದು ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದಿತ್ತು.

ನೀರಿಗೆ ಬಿದ್ದಾತ ಆ ಸಮಿತಿಯ ಐದನೆಯ ಸದಸ್ಯ. ಕಾಲೇಜಿನಲ್ಲಿ ರಾಜಕೀಯ ತತ್ವಶಾಸ್ತ್ರದ ಪಾಠ ಹೇಳುವವರು. ಮೇಷ್ಟ್ರಾದ್ದರಿಂದ ಇನ್ನು ನಾವೂ ಬಹುವಚನದಲ್ಲೇ ಕರೆಯೋಣ. ಕಳೆದ ತಿಂಗಳು ಪತ್ರಿಕೆಯಲ್ಲಿ 'ಎಲ್ಲರಿಗೂ ಒಂದೇ ಬಾಗಿಲು' ಎಂದು ಈ ಬೇರೆ ಹೊತ್ತಿನ ವಿರುದ್ಧ ಲೇಖನ ಬರೆದು ಇವಳ ಹೊಟ್ಟೆ ಉರಿಸಿದ್ದವರೂ ಇವರೇ!

ಮುಂದಿನ ಸೋಮವಾರ ಬೆಳಿಗ್ಗೆ ಅವರು ಈಜು ಕಲಿಯುವವರ ಸಾಲಿನಲ್ಲಿ ನಿಂತಿದ್ದರು.

"ನೀವಾ? ಯಾಕೆ?" ಎಂದಳು.

"ಗೊತ್ತಿಲ್ಲದ ವಿಷಯದ ಮೇಲೆ ಮತ ಹಾಕಬಾರದು ಅಂತ."

"ಗೊತ್ತಿಲ್ಲದ ವಿಷಯದ ಮೇಲೆ ಲೇಖನ ಬರೀಬಹುದಾ?"

ಮೇಷ್ಟ್ರು ಕಿವಿಯವರೆಗೆ ಕೆಂಪಾದರು. ಅವಳು ತಿರುಗಿ ನಿಂತು ತುಟಿ ಕಚ್ಚಿ ನಗು ತಡೆದಳು.

ಹೀಗೆ ಶುರುವಾಯಿತು. ವಾರಕ್ಕೆ ಎರಡು ಬೆಳಿಗ್ಗೆ ಮೇಷ್ಟ್ರು ಕೊಳದ ಅಂಚು ಹಿಡಿದು ಕಾಲು ಬಡಿಯುತ್ತಿದ್ದರು. ಬಾಯಿ ಅದಕ್ಕಿಂತ ಹೆಚ್ಚು ಬಡಿಯುತ್ತಿತ್ತು.

"ನನ್ನ ಹುಡುಗರಿಗೆ ಒಂದು ಆಟ ಆಡಿಸ್ತೀನಿ. ನೀವು ನಾಳೆ ಯಾರಾಗಿ ಹುಟ್ಟುತ್ತೀರಿ ಅಂತ ನಿಮಗೇ ಗೊತ್ತಿಲ್ಲ. ಗಂಡೋ ಹೆಣ್ಣೋ, ಯಾವ ಜನವೋ, ಕಾಲಿದೆಯೋ ಇಲ್ಲವೋ. ಈಗ ಈ ಊರಿಗೆ ನಿಯಮ ಬರೀರಿ ಅಂತ."

"ನಮ್ಮಮ್ಮ ಆಗಿ ಹುಟ್ಟಿದ್ರೆ?"

ಮೇಷ್ಟ್ರು ಕಾಲು ಬಡಿಯುವುದನ್ನು ನಿಲ್ಲಿಸಿ, ಹಿಡಿದಿದ್ದ ಅಂಚನ್ನೂ ಬಿಟ್ಟರು. ತಕ್ಷಣ ಮುಳುಗಿದರು. ಅವಳು ಗದ್ದಕ್ಕೆ ಕೈಕೊಟ್ಟು ಎತ್ತಿದಳು. ಎತ್ತಿದ ಕೈ ಬೇಕಿದ್ದಕ್ಕಿಂತ ತುಸು ಹೆಚ್ಚು ಹೊತ್ತು ಅಲ್ಲೇ ಉಳಿಯಿತು...

ಒಂದು ದಿನ ಮಗಳು ಮರೆತುಬಂದ ಊಟದ ಡಬ್ಬಿ ಹಿಡಿದು ಅಮ್ಮ ಟಿಕೆಟ್ ಕಿಟಕಿಯ ಬಳಿ ಬೆಂಚಿನ ಮೇಲೆ ಕೂತಿದ್ದರು. ತಲೆ ಒರೆಸಿಕೊಳ್ಳುತ್ತ ಹೊರಬಂದ ಮೇಷ್ಟ್ರು ಅವರ ಪಕ್ಕ ಕೂತು ನೇರವಾಗಿಯೇ ಕೇಳಿದರು. "ಅಮ್ಮಾ, ಬಾಗಿಲು ಎಲ್ಲರಿಗೂ ತೆಗೆದೇ ಇದೆಯಲ್ಲ. ಬೇರೆ ಹೊತ್ತು ಯಾಕೆ ಬೇಕು?"

"ತೆಗೆದೇ ಇತ್ತು ಮೇಷ್ಟ್ರೇ. ಇಪ್ಪತ್ತಾರು ವರ್ಷ ಈ ಬಾಗಿಲ ಮುಂದೆ ಓಡಾಡಿದೀನಿ. ಬೇಡ ಅಂತ ಯಾರೂ ಅನ್ನಲಿಲ್ಲ. ಆದ್ರೆ ನನ್ನಂಥೋಳು ಹೇಗೆ ಒಳಗೆ ಬಂದಾಳು ಅಂತ ಯಾರಾದ್ರೂ ಯೋಚನೆ ಮಾಡಿದ್ರಾ, ಹೇಳಿ."

ಮೇಷ್ಟ್ರ ಟವೆಲ್ ಕೈಯಲ್ಲೇ ಉಳಿಯಿತು, ಕೂದಲಿಂದ ನೀರು ಹನಿಯುತ್ತಲೇ ಇತ್ತು. ಅದನ್ನು ಬಾಗಿಲಿನಿಂದ ನೋಡಿದ ಅವಳಿಗೆ ಆ ಕ್ಷಣವೇ ಅವರ ಮೇಲೆ ಮನಸ್ಸಾಯಿತು. ಇನ್ನೊಬ್ಬರ ಮಾತು ಕೇಳಿ ಸುಮ್ಮನಾಗಬಲ್ಲ ಗಂಡಸನ್ನು ಅವಳು ಅಪ್ಪನ ನಂತರ ನೋಡಿರಲಿಲ್ಲ.

ಆ ಶುಕ್ರವಾರ ಮೇಷ್ಟ್ರು ಮೆಲ್ಲಗೆ ಇನ್ನೊಂದು ಪ್ರಶ್ನೆ ಎತ್ತಿದರು. "ಒಂದೇ ಭಯ ನನಗೆ. ನಾಳೆ ನಿಮ್ಮೋರೇ ಯಾರಾದ್ರೂ, ಬುಧವಾರ ಇದೆಯಲ್ಲ, ಬೇರೆ ದಿನ ಯಾಕೆ ಹೋಗ್ತೀಯ ಅಂತ ಒಬ್ಬ ಹುಡುಗಿನ ತಡೆದ್ರೆ?"

"ನಮ್ಮೋರು ಹಾಗೆಲ್ಲ ಮಾಡಲ್ಲ!" ಎಂದು ಅವಳು ಉರಿದುಬಿದ್ದಳು.

ಅದೇ ಸಂಜೆ ಮನೆಗೆ ಬಂದ ಮಾವ, ಕೂತ ಕುರ್ಚಿ ಬಿಸಿಯಾಗುವ ಮೊದಲೇ ಅಂದ. "ಬುಧವಾರ ಗ್ಯಾರಂಟಿ ಆಗಲಿ. ಆಮೇಲೆ ನೀನೂ ಅಷ್ಟೇ, ಪರದೆ ಒಳಗಿನ ಕೆಲಸ ಮಾತ್ರ ನೋಡ್ಕೋ. ಗಂಡಸರಿಗೆ ಕಲಿಸಿದ್ದು ಸಾಕು."

'ಮೇಷ್ಟ್ರು ಹೇಳಿದ್ದ ಹುಡುಗಿ ನಾನೇನಾ?' ಅನ್ನಿಸಿತು ಅವಳಿಗೆ. ಆದರೆ ಅವರಿಗೆ ಇದನ್ನು ಹೇಳಲು ಅಭಿಮಾನ ಬಿಡಲಿಲ್ಲ. 'ಮೊದಲು ಅಮ್ಮನ ಮಂಡಿ... ನನ್ನ ಪಾಡು ಆಮೇಲೆ' ಎಂದುಕೊಂಡು ಬಾಯಿ ಮುಚ್ಚಿಕೊಂಡಳು.

ಮತದ ದಿನ ಬಂತು. ಸಭೆಯ ಕೋಣೆಯ ಹಿಂದಿನ ಸಾಲಿನಲ್ಲಿ ಅಮ್ಮ, ಮಗಳು, ಬುಧವಾರದ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಪರವಾಗಿ ಇಬ್ಬರು ಕೈ ಎತ್ತಿದರು. ವಿರುದ್ಧ ಇಬ್ಬರು. ಉಳಿದವರು ಮೇಷ್ಟ್ರು.

ಅವಳು ಮುಗುಳ್ನಕ್ಕಳು. ಇನ್ನೇನು, ಗೆದ್ದೆವು!

ಮೇಷ್ಟ್ರು ಎದ್ದು ನಿಂತರು. ಒಂದು ಲಕೋಟೆಯನ್ನು ಅಧ್ಯಕ್ಷರ ಮುಂದಿಟ್ಟರು. "ನಾನು ಮತ ಹಾಕೋ ಹಾಗಿಲ್ಲ. ಕಾರಣ ಇದರಲ್ಲಿ ಬರೆದಿದೀನಿ" ಎಂದು, ಹಿಂದಿನ ಸಾಲಿನ ಕಡೆ ನೋಡದೆಯೇ ಹೊರಟುಹೋದರು!

ಅಧ್ಯಕ್ಷರು ಲಕೋಟೆ ಒಡೆದು ಓದಿ, ಗಂಟಲು ಸರಿಮಾಡಿಕೊಂಡು, "ಸಮ ಸಮ. ಪ್ರಸ್ತಾವನೆ ಬಿದ್ದಿದೆ" ಎಂದಷ್ಟೇ ಹೇಳಿದರು.

ಅವಳು ಓಡಿಹೋಗಿ ಬೀದಿಯಲ್ಲಿ ಅವರನ್ನು ತಡೆದಳು. "ಕೈ ಎತ್ತೋಕೆ ಅಷ್ಟೊಂದು ಭಾರವಾಯ್ತಾ ಮೇಷ್ಟ್ರೇ? ನಂಬಿಸಿ ಕೈಕೊಟ್ರಲ್ಲ!"

"ಒಂದು ಮಾತು ಕೇಳಿ..."

"ಬೇಡ. ಇನ್ಮೇಲೆ ಕ್ಲಾಸಿಗೂ ಬರಬೇಡಿ."

ಆ ರಾತ್ರಿ ಅವಳು ದಿಂಬು ಒದ್ದೆ ಮಾಡಿದಳು. ಪಕ್ಕದ ಕೋಣೆಯಲ್ಲಿ ಅಮ್ಮ ಈಜುವ ಬಟ್ಟೆಯನ್ನು ಮಡಿಚಿ ಬೀರುವಿನ ತಳಕ್ಕೆ ಸೇರಿಸುತ್ತಿದ್ದರು. ಆ ಸದ್ದೇ ಅವಳನ್ನು ಹೆಚ್ಚು ಅಳಿಸಿತು.

ಹತ್ತು ದಿನ ಕಳೆದವು. ಅಮ್ಮ ಮತ್ತೆ ಗೋಡೆ ಹಿಡಿದು ನಡೆಯತೊಡಗಿದರು. ಹನ್ನೊಂದನೆಯ ದಿನ ಸಭೆಯ ನಡಾವಳಿ ಟೈಪಾಗಿ ಕೊಳದ ಕಚೇರಿಗೆ ಬಂತು. ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚುವುದು ಅವಳದೇ ಕೆಲಸ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕಾಗದ ಬಿಡಿಸಿದವಳು ಹಾಗೇ ನಿಂತಳು.

"ಐದನೆಯ ಸದಸ್ಯರು ಲಿಖಿತವಾಗಿ ತಿಳಿಸಿದ್ದೇನೆಂದರೆ: ಪ್ರಸ್ತಾವನೆ ತಂದಿರುವ ಈಜು ತರಬೇತುದಾರರನ್ನು ನಾನು ಪ್ರೀತಿಸುತ್ತಿದ್ದೇನೆ. ಈ ವಿಷಯ ಅವರಿಗೆ ತಿಳಿದಿಲ್ಲ. ಪ್ರಸ್ತಾವನೆ ನ್ಯಾಯವಾದದ್ದೆಂದು ನಂಬಿದ್ದೇನೆ. ಆದರೆ ಆ ನಂಬಿಕೆಯಲ್ಲಿ ವಿವೇಕದ ಪಾಲೆಷ್ಟು, ಪ್ರೀತಿಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಆದಕಾರಣ ಮತ ಚಲಾಯಿಸುವುದಿಲ್ಲ ಹಾಗೂ ಸದಸ್ಯತ್ವಕ್ಕೆ ರಾಜೀನಾಮೆ ನೀಡಿದ್ದೇನೆ. ಸದರಿ ಹೇಳಿಕೆಯನ್ನು ದಾಖಲಿಸಲಾಯಿತು."

ಪಿನ್ನುಗಳು ಒಂದೊಂದೇ ನೆಲಕ್ಕೆ ಬಿದ್ದವು.

ಪ್ರೀತಿಸುತ್ತಿದ್ದೇನೆ... ದಾಖಲಿಸಲಾಯಿತು! ಇಂಥ ಪ್ರೇಮಪತ್ರ ಜಗತ್ತಿನಲ್ಲಿ ಯಾವ ಹುಡುಗಿಗಾದರೂ ಬಂದಿದೆಯೇ? ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂತು. ಕಾಗದವನ್ನು ಬೋರ್ಡಿಗೆ ಚುಚ್ಚಿದಳು, ನಿಯಮ ನಿಯಮವೇ. ಅದರ ಮೇಲೆ ನೀರಿನ ಶುಚಿತ್ವದ ಪಟ್ಟಿಯನ್ನು ನೇತುಹಾಕಿ ಕಾಲೇಜಿಗೆ ಹೊರಟಳು.

ಕಾಲೇಜಿನಲ್ಲಿ ಅವರಿರಲಿಲ್ಲ. "ಸಂಜೆ ಆದ್ರೆ ಸಾಕು, ಆ ಎದುರಿನ ಫ್ಲ್ಯಾಟುಗಳಲ್ಲಿ ಮನೆ ಮನೆ ಸುತ್ತುತ್ತಾರೆ" ಎಂದ ಕಾವಲುಗಾರ.

ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಸಿಕ್ಕಿದರು. ಶೂ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದರು, ಮಡಿಲಲ್ಲಿ ಕಾಗದದ ಕಂತೆ. ಅವಳನ್ನು ಕಂಡು ಗಡಬಡಿಸಿ ಎದ್ದರು.

"ಸಮಿತಿಗೆಲ್ಲ ಹೇಳಿದ್ರಿ. ನನಗೊಬ್ಬಳಿಗೆ ಹೇಳಲಿಲ್ಲ!"

"ನಿಮಗೆ ಮೊದಲು ಹೇಳಿದ್ರೆ, ನನ್ನ ಮತಕ್ಕೋಸ್ಕರ ನೀವು ಒಪ್ಪಬೇಕಾಗಿ ಬಂದ್ರೆ ಅಂತ ಹೆದರಿದೆ..."

"ಎಷ್ಟು ಒಳ್ಳೆಯವರು!" ಅವಳ ಕಣ್ಣು ತುಂಬಿ ಬಂತು. "ನಿಮ್ಮ ಮನಸ್ಸು ಶುದ್ಧವಾಗಿ ಉಳೀತು. ನಮ್ಮಮ್ಮ ಮನೇಲಿ ಉಳಿದ್ರು. ಅದನ್ನ ಯೋಚನೆ ಮಾಡಿದ್ರಾ?"

ಮೇಷ್ಟ್ರ ಮುಖ ಬಾಡಿತು. "ಆಮೇಲೆ ಮಾಡ್ದೆ. ತಡವಾಗಿ. ಯಾರ ಕಡೆಗೂ ಇಲ್ಲ ಅಂತ ನಾನು ಎದ್ದುಹೋದೆ, ನಷ್ಟ ಆಗಿದ್ದು ಒಂದೇ ಕಡೆಗೆ. ತಪ್ಪು ನಂದೇ. ಅದಕ್ಕೇ..." ಎಂದು ಕಂತೆ ಚಾಚಿದರು. ಮರುಪರಿಶೀಲನೆಗೆ ಊರಿನವರ ಅರ್ಜಿ. ಮುನ್ನೂರ ಹನ್ನೊಂದು ಸಹಿ. ಮೊಟ್ಟಮೊದಲ ಸಹಿ ಅಮ್ಮನದು!

'ಅಮ್ಮಾ! ನಂಗೆ ಒಂದು ಮಾತೂ ಹೇಳದೆ!'

ಕೆಳಗೆ ಒಂದು ಸಾಲು ಇತ್ತು. "ಈ ಎರಡು ಗಂಟೆ ಹೆಚ್ಚಿನ ಅವಕಾಶವೇ ಹೊರತು ಕಟ್ಟುಪಾಡಲ್ಲ. ಇಷ್ಟಪಟ್ಟ ಯಾವ ಹೆಂಗಸಿಗೂ ಉಳಿದೆಲ್ಲ ಹೊತ್ತಿನಲ್ಲೂ ಈಜುವ, ಕಲಿಸುವ ಹಕ್ಕು ಹಾಗೆಯೇ ಇರುತ್ತದೆ."

ಅದನ್ನು ಓದಿ ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಮಾವ ಹೇಳಿದ್ದೆಲ್ಲವನ್ನೂ ಹೇಳಿದಳು. ಮೇಷ್ಟ್ರು 'ನಾನು ಅವತ್ತೇ ಹೇಳಿದ್ದೆ' ಎನ್ನಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತರು.

"ಪೆನ್ ಕೊಡಿ, ಸಹಿ ಹಾಕ್ತೀನಿ."

"ನೀವು ಕೊಳದ ನೌಕರರು, ಹಾಕೋ ಹಾಗಿಲ್ಲ..."

ಅವಳು ದುರುಗುಟ್ಟಿ ನೋಡಿ, ಅರ್ಧ ಕಂತೆ ಕಿತ್ತುಕೊಂಡು ಎದ್ದಳು. "ಬೆಲ್ ಒತ್ತಬಹುದಲ್ಲ? ನಡೀರಿ, ಇನ್ನೂ ಎರಡು ಮಹಡಿ ಇದೆ."

ಆ ಸಾಲಿನ ಸುದ್ದಿ ಮಾವನ ಕಿವಿಗೂ ಬಿತ್ತು. ಮನೆಗೆ ಬಂದು ಕೂಗಾಡಿದ. "ಹಾಗಾದ್ರೆ ನನ್ನ ಪರದೆ ವಾಪಸ್ ಕೊಡಿ ಅಕ್ಕಾ!"

ಅಮ್ಮ ಗೋಡೆ ಹಿಡಿದು ಎದ್ದು, ನೀಲಿ ಬಟ್ಟೆಯ ಸುರುಳಿಯನ್ನು ತಂದು ಅವನ ಕೈಗಿಟ್ಟರು. "ತಗೋ. ಪರದೆ ನಿಂದು, ಮಗಳು ನನ್ನೋಳು. ನಾನು ನೀರಿಗಿಳಿಯೋಕೆ ಅವಳನ್ನ ದಡಕ್ಕೆ ಹತ್ತಿಸಲ್ಲ."

ಮಾವ ತಂಪಾಗಲಿಲ್ಲ, ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅಮ್ಮ ಮಾತ್ರ ಅದೇ ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂತು, ಮನೆಯಲ್ಲಿದ್ದ ಹೂವಿನ ಬೆಡ್‌ಶೀಟುಗಳನ್ನೆಲ್ಲ ಜೋಡಿಸಿ ಹೊಲಿಯತೊಡಗಿದರು. ತಿಂಗಳ ಕೊನೆಗೆ ಸಮಿತಿಯಲ್ಲಿ, ಮೇಷ್ಟ್ರ ಜಾಗಕ್ಕೆ ಬಂದ ಹೊಸ ಸದಸ್ಯರದೂ ಸೇರಿ, ನಾಲ್ಕು ಕೈ ಎದ್ದವು, ವಿರುದ್ಧ ಒಂದೇ.

ಮತ್ತೆ ಬುಧವಾರ. ಮತ್ತೆ ನೀರಿನ ಸದ್ದು, ನಗು. ಅಮ್ಮ ಕಂಬಿ ಬಿಟ್ಟು ನೀರಿನಲ್ಲಿ ಆರು ಹೆಜ್ಜೆ ನಡೆದು ತಿರುಗಿದರು, ಇದ್ದಕ್ಕಿದ್ದಂತೆ ಕೂಗಿದರು.

"ಮೇಷ್ಟ್ರೇ! ಪರದೆ ಕೆಳಗೆ ನಿಮ್ಮ ಶೂ ಕಾಣ್ತಾ ಇದೆ!"

"ಬೋರ್ಡ್... ಹೊಸ ಬೋರ್ಡ್ ತಂದಿದ್ದೆ ಅಮ್ಮಾ. ಒಳಗೆ ಬರಲ್ಲ."

"ಬರಬೇಡಿ, ಅಲ್ಲೇ ಇರಿ. ಈಗೊಂದು ಪ್ರಸ್ತಾವನೆ ಇದೆ. ನನ್ನ ಮಗಳೂ ನೀವೂ ಮದುವೆ ಆಗಬೇಕು ಅಂತ. ಮೊದಲು ಅವಳ ಮತ. ಅವಳು ಎತ್ತಲಿಲ್ಲ ಅಂದ್ರೆ ಇಲ್ಲಿಗೇ ಬಿಟ್ಟೆ."

"ಅಮ್ಮಾ!"

ಅವಳ ಮುಖ ಕೆಂಪೇರಿತು. ಆದರೂ ಸೀಟಿ ಹಿಡಿದಿದ್ದ ಕೈ ತಾನಾಗಿಯೇ ಮೇಲೆದ್ದಿತು. ನೀರಿನಿಂದ ಹನ್ನೆರಡು ಕೈಗಳು ಚಿಮ್ಮಿದವು, ಕೇಕೆಯೋ ಕೇಕೆ!

"ಎಲ್ಲರದೂ ಆಯ್ತು. ಮೇಷ್ಟ್ರೇ, ನಿಮ್ದು?"

ಪರದೆಯಾಚೆ ಸದ್ದಿಲ್ಲ. 'ಮತ್ತೆ ಎದ್ದು ಹೋಗಿಬಿಟ್ಟರಾ...'

ಹೂವಿನ ಬೆಡ್‌ಶೀಟಿನ ಮೇಲಂಚಿನಲ್ಲಿ ಮೊದಲು ಬೆರಳುಗಳು ಕಂಡವು. ಆಮೇಲೆ ಅಂಗೈ. ಆಮೇಲೆ ತೋಳು ಪೂರ್ತಿ ಮೇಲೆದ್ದು, ಅಲ್ಲಾಡದೆ ನಿಂತಿತು.

ಅವಳು ಪರದೆಯ ಬಳಿ ಓಡಿದಳು. "ಈ ಸಲ ನಿಷ್ಪಕ್ಷಪಾತ ಏನಾಯ್ತು?"

"ಎಂಟು ಅಡಿ ಆಳದಲ್ಲಿ ಬಿತ್ತು. ಮೊದಲ ದಿನವೇ."

"ಕೈ ಇಳಿಸಿ... ನೋಯುತ್ತೆ."

"ನೀವು ಹಿಡ್ಕೊಂಡ್ರೆ ಇಳಿಸ್ತೀನಿ."

ಅವಳು ತುದಿಗಾಲಲ್ಲಿ ನಿಂತು, ಒದ್ದೆ ಕೈಯಿಂದ ಆ ಕೈ ಹಿಡಿದಳು. "ನಾಲ್ಕು ಗಂಟೆವರೆಗೂ ಒಳಗೆ ಬರೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು. ಕಾಯ್ತೀನಿ."

ಗೋಡೆಯ ಗಡಿಯಾರದಲ್ಲಿ ಆಗ ಬರೀ ಎರಡೂಕಾಲು.