ಎತ್ತಿಟ್ಟ ತುತ್ತು

ಆ ಬೆಳಿಗ್ಗೆ ಮಳೆ ಇರಲಿಲ್ಲ; ಆದರೆ ಮಳೆ ಹೋಯಿತು ಎಂದು ನಂಬುವ ಧೈರ್ಯವೂ ಯಾರಿಗೂ ಇರಲಿಲ್ಲ. ಜ್ವರ ಬಿಟ್ಟವರು ಗೋಡೆ ಹಿಡಿದುಕೊಂಡು ಬಾಗಿಲ ತನಕ ಬರುವಂತೆ, ಬಿಸಿಲು ಮೋಡದ ಅಂಚು ಹಿಡಿದು ಮೆಲ್ಲಗೆ ಹೊರಗೆ ಬಂತು. ಶಾಲೆಯ ಅಂಗಳದ ಕೆಸರು ಹಬೆಯಾಡಿತು. ನದಿ ತನ್ನ ಜಾಗಕ್ಕೆ ಮರಳಿತ್ತು. ದಂಡೆಯ ಜನ ಮಾತ್ರ ಇನ್ನೂ ಮರಳಿರಲಿಲ್ಲ. ತರಗತಿಗಳಲ್ಲಿ ಬೆಂಚು ಜೋಡಿಸಿಕೊಂಡು ಮಲಗುತ್ತಿದ್ದ ಅವರಿಗೆ ಈ ಶಾಲೆಯೇ ಶಿಬಿರವಾಗಿತ್ತು.

ಶಿಬಿರದ ಉಸ್ತುವಾರಿ ರಸ್ತೆ ಇಲಾಖೆಯ ಇಂಜಿನಿಯರಮ್ಮನದು. ನೆರೆ ಬಂದಾಗ ಸರ್ಕಾರಕ್ಕೆ ಕೈಗೆ ಸಿಕ್ಕವರೇ ಕೆಲಸದವರು. ಹೀಗೆ ಡಾಂಬರಿನ ಹದ ಬಲ್ಲವಳಿಗೆ ಅನ್ನದ ಹದ ಕಾಯುವ ಕೆಲಸ ಬಿತ್ತು. ಅಡುಗೆಯಾದರೂ ಇಲಾಖೆಯದಲ್ಲ, ದೂರದಿಂದ ಬಂದ ಒಂದು ಸೇವಾ ಸಂಸ್ಥೆಯದು. ಅಕ್ಕಿ ಸರ್ಕಾರದ್ದು, ಒಲೆ ಸಂಸ್ಥೆಯದು, ಹಸಿವು ಮಾತ್ರ ಜನರದು.

ಅವಳು ಮುಖ್ಯೋಪಾಧ್ಯಾಯರ ಕೋಣೆಯ ಕಿಟಕಿಯಲ್ಲಿ ನಿಂತು ಎದುರಿನ ತಗಡಿನ ಚಪ್ಪರವನ್ನೇ ನೋಡುತ್ತಿದ್ದಳು. ಅಲ್ಲಿ ಒಲೆಗಳ ಯಜಮಾನ, ಶಿಬಿರದ ಜನ ‘ಸೌಟಪ್ಪ’ ಎಂದು ಕರೆಯುತ್ತಿದ್ದ ಸಂಸ್ಥೆಯ ಯುವಕ, ದೊಡ್ಡ ಪಾತ್ರೆಯ ಮುಚ್ಚಳ ತೆಗೆದ. ಮೊದಲ ಸೌಟನ್ನು ಯಾರ ತಟ್ಟೆಗೂ ಹಾಕಲಿಲ್ಲ. ಒಂದು ಪುಟ್ಟ ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಿ, ಆಚೆ ಈಚೆ ನೋಡಿ, ಹಿಂದಿದ್ದ ಐಸ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ನಿನ್ನೆಯೂ ಹೀಗೇ ಮಾಡಿದ್ದ. ಮೊನ್ನೆಯೂ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವಳ ಪಾಲಿಗೆ ಬರೀ ಗಾದೆಯಲ್ಲ, ಕಣ್ಣಾರೆ ಕಂಡದ್ದು. ಹಿಂದಿನ ನೆರೆಯಲ್ಲಿ ಬೇರೊಂದು ಸಂಸ್ಥೆ ಬ್ಯಾನರು ಕಟ್ಟಿಕೊಂಡು ಬಂದಿತ್ತು. ಮುದುಕರ ಹೆಗಲಿಗೆ ಕಂಬಳಿ ಹೊದಿಸಿ ಫೋಟೊ ತೆಗೆಯಿತು. ಕ್ಯಾಮೆರಾ ಚೀಲಕ್ಕೆ ಸೇರಿದ ಮೇಲೆ ಕಂಬಳಿಯನ್ನೂ ಮಡಚಿಕೊಂಡು ಮುಂದಿನ ಊರಿಗೆ ಹೊರಟಿತು. ಅಂದು ಚಳಿಯಲ್ಲಿ ಮುದುಡಿ ಕೂತ ಆ ಹೆಗಲುಗಳು ಅವಳ ಕಣ್ಣಿಂದ ಇನ್ನೂ ಇಳಿದಿರಲಿಲ್ಲ.

ಸೀದಾ ಚಪ್ಪರಕ್ಕೆ ನಡೆದಳು.

“ಆ ಪೆಟ್ಟಿಗೇಲಿ ಏನಿದೆ?”

“ಊಟ, ಮೇಡಂ.”

“ಯಾರಿಗೆ?”

“ದೇವರ ದಯೆ ಇದ್ರೆ ಯಾರಿಗೂ ಬೇಕಾಗಲ್ಲ.” ಅವನು ನಕ್ಕ. ಹಬೆಗೆ ಒದ್ದೆಯಾದ ಹುಬ್ಬಿನ ಕೆಳಗಿನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. “ಏನು, ನನಗೆ ಪರೀಕ್ಷೆ ಇಟ್ಟಿದೀರಾ?”

“ಇಡಬಾರದಾ?”

“ಇಡಿ ಇಡಿ. ದಿನಾ ಬಂದು ಇಡಿ.”

ಅವಳ ಕಿವಿ ಬಿಸಿಯಾಯಿತು. ಒಲೆಯ ಕಾವು ಎಂದುಕೊಂಡಳು. ಒಲೆ ಆಚೆ ಬದಿಗಿತ್ತು.

ಹಿಂದಿರುಗುವಾಗ ಜಗುಲಿಯ ಮೇಲಿಂದ ರೇಡಿಯೋ ಅಜ್ಜಿ ತಡೆದಳು. ಶಿಬಿರದ ಸುದ್ದಿಯೆಲ್ಲ ಅವಳ ಬಾಯಿಂದಲೇ ಪ್ರಸಾರವಾಗುತ್ತಿದ್ದುದರಿಂದ ಆ ಹೆಸರು.

“ಏನವ್ವಾ, ಆ ಹುಡುಗನ ಮೇಲೆ ಅಷ್ಟೊಂದು ಕಣ್ಣು?”

“ಅನುಮಾನದ ಕಣ್ಣು, ಅಜ್ಜಿ.”

“ಯಾವ ಕಣ್ಣಾದ್ರೇನು? ನೆಟ್ಟ ಮೇಲೆ ಕೀಳೋದು ಕಷ್ಟ.”

“ನಿಮಗೆ ಈ ಸಂಸ್ಥೆಯವರ ಮೇಲೆ ನಂಬಿಕೆ ಇದೆಯಾ?”

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಸರ್ಕಾರ ಅಂದ್ರೆ ಮಾವ ಇದ್ದ ಹಾಗೆ. ಮನೇಲೇ ಇರ್ತಾನೆ, ಬೈತಾನೆ, ಕೇಳಿದ್ದು ಕೊಡೋಕೆ ವರ್ಷ ಮಾಡ್ತಾನೆ. ಇವರು ನೆಂಟರು. ನಗ್ತಾ ಬರ್ತಾರೆ, ನಗ್ತಾ ಹೋಗ್ತಾರೆ. ನೆಂಟರನ್ನ ನಂಬಿ ಮಾವನ್ನ ಬಿಡೋಕಾಗತ್ತಾ? ಮಾವನ್ನ ನಂಬಿ ಹಸಿದಿರೋಕಾಗತ್ತಾ? ನೀನೇ ಹೇಳು.”

ಆಮೇಲಿನ ದಿನಗಳಲ್ಲಿ ಅವಳು ಅವನನ್ನು ಕಾದಳು. ಕಳ್ಳನನ್ನು ಕಾಯುವವರ ಹಾಗೆ, ಕಣ್ಣೆವೆ ಇಕ್ಕದೆ. ಅವನು ಮಕ್ಕಳಿಗೆ ಬಡಿಸುವಾಗ ಮಂಡಿಯೂರುತ್ತಿದ್ದ. ಸಿಟ್ಟು ಬಂದಾಗ ಮಾತು ನಿಲ್ಲಿಸಿ ಈರುಳ್ಳಿ ಹೆಚ್ಚುತ್ತಿದ್ದ. ಎಲ್ಲವನ್ನೂ ಅವಳು ಗಮನಿಸಿದಳು, ಎಲ್ಲಕ್ಕೂ ಒಂದು ಕೆಟ್ಟ ಅರ್ಥ ಹುಡುಕಿದಳು.

ಒಂದು ಮಧ್ಯಾಹ್ನ ಅವಳ ಮೇಜಿಗೆ ಚಹಾ ಬಂತು, ಸಕ್ಕರೆ ಇಲ್ಲದ್ದು. ತನಗೆ ಸಕ್ಕರೆ ಸೇರದೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಚಪ್ಪರಕ್ಕೆ ಹೋಗಿ ಕೇಳಿದಳು: “ನಿಮಗೆ ಹೇಗೆ ಗೊತ್ತಾಯ್ತು?”

“ದಿನಾ ಅರ್ಧ ಕುಡಿದು ತಳ ಚೆಲ್ತೀರಿ. ಸಕ್ಕರೆ ಇರೋದು ತಳದಲ್ಲಿ ತಾನೇ?”

“ಅಂದ್ರೆ ನನ್ನನ್ನ ನೋಡ್ತಾ ಇರ್ತೀರಿ.”

“ನೀವು ನನ್ನನ್ನ ನೋಡ್ತಿರುವಾಗ, ಮೇಡಂ, ನಾನೇನು ಗೋಡೆ ನೋಡ್ಲಾ?”

ಅಧಿಕಾರಿಯನ್ನು ಒಲಿಸಿಕೊಳ್ಳುವ ದಾರಿ ಇದು ಎಂದು ಅವಳು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಹೂಂ ಎನ್ನಲಿಲ್ಲ. ಚಹಾ ಮಾತ್ರ ತಳದವರೆಗೂ ಮುಗಿಯಿತು.

ಅದಾದ ಮೂರನೆಯ ಬೆಳಿಗ್ಗೆ ಶಿಬಿರದಲ್ಲಿ ವಾಂತಿ ಭೇದಿ ಶುರುವಾಯಿತು. ಮೊದಲು ಎರಡು ಕೂಸುಗಳು, ಆಮೇಲೆ ಅವರ ತಾಯಂದಿರು, ಹೊತ್ತೇರುವಷ್ಟರಲ್ಲಿ ಒಂದು ತರಗತಿಯೇ ಆಸ್ಪತ್ರೆಯಾಯಿತು. ಡಾಕ್ಟರಮ್ಮ ಓಡಿ ಬಂದರು. ಯಾರ ಜೀವಕ್ಕೂ ಅಪಾಯವಿಲ್ಲ, ಆದರೆ ಹೀಗೇ ಮುಂದುವರಿದರೆ ಹೇಳಲಾಗದು ಎಂದರು.

ಮೇಲಿನ ಸಾಹೇಬರ ಫೋನು ಬಂತು. “ನೋಡಮ್ಮ, ಮೊದಲು ಆ ಅಡುಗೆ ನಿಲ್ಲಿಸು. ನಾಳೆ ಸಂಜೆಯೊಳಗೆ ಅವರು ಒಲೆ ಎತ್ಕೊಂಡು ಹೊರಡಲಿ. ಇನ್ನು ಯಾವ ಶಿಬಿರದಲ್ಲೂ ಅವರಿಗೆ ಜಾಗ ಇಲ್ಲ.”

ಅವಳು ಶಾಲೆಯ ಮೈಕು ಹಿಡಿದು ಸಾರಿದಳು: “ಚಪ್ಪರದ ಅಡುಗೆಯನ್ನು ಯಾರೂ ಮುಟ್ಟಬೇಡಿ.” ತನ್ನ ದನಿಯೇ ಗೋಡೆಗೆ ಬಡಿದು ತನ್ನ ಕಿವಿಗೆ ಮರಳಿದಾಗ ಅದು ಬೇರೆ ಯಾರದೋ ಎನಿಸಿತು. ತಟ್ಟೆ ಹಿಡಿದು ನಿಂತಿದ್ದವರು ತಟ್ಟೆಯನ್ನು ಕೆಳಗಿಟ್ಟು ಕೈ ಒರೆಸಿಕೊಂಡರು, ಕೊಳೆ ಮುಟ್ಟಿದವರ ಹಾಗೆ. ಸೌಟಪ್ಪ ಅದನ್ನು ನೋಡುತ್ತ ನಿಂತಿದ್ದ.

“ಪೆಟ್ಟಿಗೆ ತೆಗೀರಿ,” ಎಂದಳು ಅವಳು.

ಅವನು ಬೀಗ ತೆಗೆದ. ಒಳಗೆ ಸಾಲಾಗಿ ಪುಟ್ಟ ಡಬ್ಬಿಗಳು. ಒಂದೊಂದರ ಮೇಲೂ ವಾರ, ಹೊತ್ತು ಬರೆದ ಚೀಟಿ. ಅನ್ನ, ಬೇಳೆ, ಗಂಜಿ, ಎಲ್ಲ ಒಂದೊಂದು ಸೌಟು.

“ಇದೇನು?”

ಅವನ ಮುಖದಲ್ಲಿ ನಿಜವಾದ ಅಚ್ಚರಿ ಮೂಡಿತು. “ನಿಮಗೆ ಗೊತ್ತಿಲ್ವಾ? ಗೊತ್ತಿದ್ದೂ ಕೇಳ್ತಿದೀರಿ, ನನ್ನ ಕಾಲು ಎಳೀತಿದೀರಿ ಅಂದ್ಕೊಂಡಿದ್ದೆ. ದೊಡ್ಡ ಅಡುಗೆ ಮಾಡೋ ಕಡೆ ಪ್ರತಿ ಪಾತ್ರೆಯಿಂದ ಒಂದು ತುತ್ತು ಎತ್ತಿಡ್ತೀವಿ ಮೇಡಂ. ಎರಡು ದಿನ ಇಟ್ಟು ಚೆಲ್ತೀವಿ. ಯಾರಿಗಾದ್ರೂ ಹುಷಾರು ತಪ್ಪಿದ್ರೆ ಇದನ್ನೇ ಪರೀಕ್ಷೆಗೆ ಕಳಿಸಬೇಕು.”

“ರಸ್ತೆ ಇಲಾಖೆಯವಳು ನಾನು. ನನಗೆ ಹೇಗೆ ಗೊತ್ತಾಗಬೇಕು? ಮತ್ತೆ ಬೀಗ ಯಾಕೆ?”

“ಹಿಂದೆ ಒಂದು ಶಿಬಿರದಲ್ಲಿ ಯಾರದೋ ತಪ್ಪನ್ನ ನಮ್ಮ ಒಲೆಗೆ ಹೊರಿಸಿದ್ರು. ನಾನೂ ಅನುಮಾನದ ಮನುಷ್ಯನೇ.” ಅವನು ಪೆಟ್ಟಿಗೆಯನ್ನು ಡಾಕ್ಟರಮ್ಮನ ಕಡೆ ತಳ್ಳಿದ. “ತಗೊಂಡು ಹೋಗಿ. ತಪ್ಪು ನಂದೇ ಆಗಿದ್ರೆ ಇದೇ ಹೇಳುತ್ತೆ.”

ಡಬ್ಬಿಗಳು ಲ್ಯಾಬಿಗೆ ಹೋದವು. ಅವಳ ಅನುಮಾನ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕೆಟ್ಟ ಡಬ್ಬಿಯ ಜಾಗದಲ್ಲಿ ಒಳ್ಳೆಯದನ್ನು ಇಟ್ಟಿರಲೂಬಹುದಲ್ಲ? ಒಮ್ಮೆ ಹುಳಿ ಬಿದ್ದ ಮನಸ್ಸು ಯಾವ ಹಾಲನ್ನೂ ಹಾಲಾಗಿ ಉಳಿಯಗೊಡುವುದಿಲ್ಲ.

ಮರುದಿನ ರೇಡಿಯೋ ಅಜ್ಜಿಯೂ ಮಲಗಿದಳು. ಇಂಜಿನಿಯರಮ್ಮ ಪಕ್ಕ ಕೂತು ಹಣೆ ಮುಟ್ಟಿದಳು.

“ಏನು ತಿಂದಿದ್ರಿ ಅಜ್ಜಿ? ಚಪ್ಪರದ ಊಟ ಬೇಡ ಅಂದಿದ್ದೆನಲ್ಲ?”

“ಯಾರು ತಿಂದ್ರು? ಪರರ ಕೈಯೂಟ ನನ್ನ ಹೊಟ್ಟೆಗೆ ಒಗ್ಗಲ್ಲ. ಬಂದಾಗಿಂದ ಮಗಳು ಕಳಿಸೋ ಬ್ರೆಡ್ಡು, ನಿನ್ನ ನಲ್ಲಿ ನೀರು. ಅಷ್ಟೇ.”

ನಿನ್ನ ನಲ್ಲಿ ನೀರು.

ಅವಳು ಕೂತಲ್ಲೇ ತಣ್ಣಗಾದಳು. ನೆರೆಯಲ್ಲಿ ಹಳೆಯ ಕೊಳವೆ ಕೊಚ್ಚಿಹೋದಾಗ ನೀರಿನ ಟ್ಯಾಂಕಿನಿಂದ ಶಾಲೆಗೆ ತಾತ್ಕಾಲಿಕ ಪೈಪು ಹಾಕಿಸಿದ್ದು ಅವಳೇ. ಒಂದೇ ದಿನದಲ್ಲಿ ಮುಗಿಸಿದ್ದಕ್ಕೆ ಸಾಹೇಬರು ಬೆನ್ನು ತಟ್ಟಿದ್ದರು. ಚಪ್ಪರದಲ್ಲಿ ಅಡುಗೆಗೂ ಕುಡಿಯಲಿಕ್ಕೂ ಅದೇ ನೀರು ಕುದಿಯುತ್ತಿತ್ತು. ನಲ್ಲಿಗೆ ಬಾಯಿಟ್ಟವರಿಗೆ ಮಾತ್ರ ಹಸಿ ನೀರು.

ಎದ್ದು ಪೈಪಿನ ಗುಂಟ ನಡೆದಳು. ರಸ್ತೆ ತಿರುಗುವಲ್ಲಿ ಪೈಪು ಚರಂಡಿಗೆ ಇಳಿದಿತ್ತು. ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಕೆಸರಿಗಿಳಿದು, ಕೈ ಹಾಕಿ ತಡವಿದಳು. ಜೋಡಣೆ ಸಡಿಲವಾಗಿತ್ತು. ಟ್ಯಾಂಕಿನಿಂದ ನೀರು ಬಿಟ್ಟಾಗ ಹೊರಗೆ ಸೋರುತ್ತಿತ್ತು. ನಿಲ್ಲಿಸಿದಾಗ ಚರಂಡಿಯೇ ಒಳಗೆ ಸೇರುತ್ತಿತ್ತು. ಊರೆಲ್ಲ ಕಳ್ಳನನ್ನು ಹುಡುಕಿ ಕೊನೆಗೆ ತನ್ನ ಹಿತ್ತಲಿಗೇ ಬಂದಂತಾಯಿತು.

ಮೊದಲು ನಲ್ಲಿ ಮುಚ್ಚಿಸಿದಳು. ಡಾಕ್ಟರಮ್ಮನಿಗೆ ಹೇಳಿ ಆ ನೀರನ್ನೂ ಲ್ಯಾಬಿಗೆ ಕಳಿಸಿದಳು. ಆಮೇಲೆ ಸಾಹೇಬರಿಗೆ ಫೋನು ಮಾಡಿದಳು.

“ಅದನ್ನ ಯಾಕೆ ಎತ್ತುತ್ತೀಯಮ್ಮ? ಪೈಪು ಸರಿ ಮಾಡಿಸಿ ಸುಮ್ನಿರು. ಆ ಸಂಸ್ಥೆಯವರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ನೀನು ಇಲ್ಲೇ ಇರಬೇಕಾದವಳು.”

“ಇಲ್ಲೇ ಇರಬೇಕಾದವಳೇ ಸರ್, ಈ ಮುಖಗಳನ್ನ ದಿನಾ ನೋಡಬೇಕಾಗಿರೋದು.”

“ನೋಟಿಸು ಬರುತ್ತೆ ನಿನಗೆ.”

“ಬರಲಿ ಸರ್. ಒಲೆ ಮಾತ್ರ ಇಲ್ಲೇ ಇರಲಿ.”

ಚಪ್ಪರದಲ್ಲಿ ಅವನು ಲಾರಿಗಾಗಿ ಕಾಯುತ್ತ ಪಾತ್ರೆಗಳನ್ನು ಒಂದರೊಳಗೊಂದು ಇಡುತ್ತಿದ್ದ. ಮೊಣಕೈ ತನಕ ಕೆಸರಾಗಿ ಬಂದವಳನ್ನು ಕಂಡು ಕೈ ನಿಲ್ಲಿಸಿದ. ಅವಳು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು.

“ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ,” ಎಂದು ಮುಗಿಸಿದಳು.

“ಗೊತ್ತು.” ಅವನು ಚೊಂಬಿನಲ್ಲಿ ಬೆಚ್ಚನೆಯ ನೀರು ತಂದು ಅವಳ ಕೈಮೇಲೆ ಸುರಿದ. ಕೆಸರು ಎಳೆ ಎಳೆಯಾಗಿ ಇಳಿಯಿತು. “ಆದರೆ ಅಷ್ಟು ಗಮನ ಇಟ್ಟು ನನ್ನನ್ನ ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಆ ಕಿಟಕೀಲಿ ನೀವಿದೀರಾ ಅಂತ ನೋಡೋದು ಅಭ್ಯಾಸ ಆಗಿಹೋಯ್ತು. ಬೈಯೋಕಾದ್ರೂ ಬರಲಿ ಅನ್ನಿಸ್ತಿತ್ತು.”

“ಹುಚ್ಚು ನಿಮಗೆ.”

“ಹೌದು. ಬಿಡೋ ಹುಚ್ಚಲ್ಲ. ನಿಮ್ಮ ಮನೇಲಿ ಬಂದು ಕೇಳಲಾ?”

ಚೊಂಬಿನ ನೀರು ಮುಗಿದಿತ್ತು. ಅವಳ ಕೈ ಇನ್ನೂ ಚಾಚಿಯೇ ಇತ್ತು. “ಈಗ ಕೇಳಬೇಡಿ. ಊರಿನ ಮುಂದೆ ನಿಮ್ಮ ಹೆಸರು ಕೆಡಿಸಿದವಳು ನಾನು. ಈಗ ಹೂಂ ಅಂದ್ರೆ ತಪ್ಪಿಗೆ ದಂಡ ಕಟ್ಟಿದ ಹಾಗಿರುತ್ತೆ. ನನಗೆ ಹಾಗೆ ಬೇಡ.”

ಅವನು ಒತ್ತಾಯಿಸಲಿಲ್ಲ. ಬಂದ ಲಾರಿಯನ್ನು ಖಾಲಿಯಾಗಿಯೇ ತಿರುಗಿಸಿ ಕಳಿಸಿದ.

ಮರುದಿನ ಲ್ಯಾಬಿನಿಂದ ಉತ್ತರ ಬಂತು: ಡಬ್ಬಿಗಳಲ್ಲಿ ದೋಷವಿಲ್ಲ, ನಲ್ಲಿ ನೀರಿನಲ್ಲಿದೆ. ಅಂದು ಮಧ್ಯಾಹ್ನ ಒಲೆ ಮತ್ತೆ ಹೊತ್ತಿತು. ಅವಳು ಮೈಕು ಹಿಡಿದು, ತಪ್ಪು ಪೈಪಿನದು, ಪೈಪು ತನ್ನದು, ಅಡುಗೆ ಶುದ್ಧವಾಗಿದೆ ಎಂದು ಬಿಡಿಸಿ ಹೇಳಿದಳು.

ಯಾರೂ ಕದಲಲಿಲ್ಲ. ತರಗತಿಗಳ ಬಾಗಿಲಲ್ಲಿ ಜನ ನಿಂತು ನೋಡಿದರು. ಒಬ್ಬ ತಾಯಿ ಓಡಹೊರಟ ಮಗುವನ್ನು ತೋಳು ಹಿಡಿದು ಎಳೆದುಕೊಂಡಳು. “ಮೊನ್ನೆ ಬೇಡ ಅಂದ್ರು, ಇವತ್ತು ತಿನ್ನಿ ಅಂತಾರೆ,” ಎಂದು ಯಾರೋ ಗೊಣಗಿದರು. ಚಪ್ಪರದಲ್ಲಿ ಅನ್ನ ಆರುತ್ತಿತ್ತು. ಸೌಟಪ್ಪ ಸೌಟು ಹಿಡಿದು, ತಲೆ ತಗ್ಗಿಸಿ, ಒಬ್ಬನೇ ನಿಂತಿದ್ದ.

ಅವಳು ಮೈಕು ಕೆಳಗಿಟ್ಟಳು. ಮೂಲೆಯಲ್ಲಿ ಪೇರಿಸಿದ್ದ ತಟ್ಟೆಗಳಲ್ಲಿ ಒಂದನ್ನು ತೆಗೆದುಕೊಂಡು, ಎಲ್ಲರ ಕಣ್ಣೆದುರೇ ಅಂಗಳ ದಾಟಿ, ಅವನ ಮುಂದೆ ಹಿಡಿದಳು.

ಅವನು ಸೌಟು ಪಾತ್ರೆಗಿಳಿಸಿದ. “ಎಷ್ಟು ಹಾಕಲಿ?”

“ಹೊಟ್ಟೆ ತುಂಬೋಷ್ಟು.” ಆಮೇಲೆ ಅವನಿಗಷ್ಟೇ ಕೇಳುವಂತೆ ಅಂದಳು: “ಭಾನುವಾರ ಅಪ್ಪ ಮನೇಲಿರ್ತಾರೆ. ಬನ್ನಿ.”

ಅವನು ತಲೆಯೆತ್ತಿ ನೋಡುವಷ್ಟರಲ್ಲಿ ಅವಳು ತಿರುಗಿದ್ದಳು. ಅಂಗಳದ ನಟ್ಟನಡುವೆ, ಎಲ್ಲ ಬಾಗಿಲಿಗೂ ಕಾಣುವ ಹಾಗೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣುಮುಚ್ಚಿ ಒಂದು ಗಳಿಗೆ ಕೈಮುಗಿದು, ಮೊದಲ ತುತ್ತನ್ನು ಬಾಯಿಗಿಟ್ಟಳು.