ಮೂರು ದಿನ ನೆನೆಯಬೇಕಾದ ಮರಗೆಣಸು

"ಒಂದೇ ದಿನ ನೆನೆದದ್ದು ಅತ್ತೆ! ಕಹಿ ಇಳಿದಿಲ್ಲ. ಮತ್ತೆ ನೀರಿಗೆ ಹಾಕಿ... ಕೈ ಮುಗೀತೀನಿ!"

ನೀರು ಸೋರುತ್ತಿದ್ದ ಮರಗೆಣಸಿನ ಬುಟ್ಟಿಯನ್ನು ಅತ್ತೆ ಮತೊಂಡೊ ಅಂಗಳದಲ್ಲಿ ಕುಕ್ಕಿದಳು. ಅವಳು ಬಾಯಿ ತೆರೆದರೆ ಕ್ವಾಂಗೋ ಹೊಳೆಯ ಮೀನುಗಳೂ ಕಿವಿ ಮುಚ್ಚಿಕೊಳ್ಳುತ್ತಿದ್ದವು!

"ಮೂರು ದಿನ ನೆನೆಸ್ಬೇಕಂತೆ! ಹೊಟ್ಟೆ ತುಂಬಿದ ನರ್ಸಮ್ಮ ಹೇಳ್ತಾಳೆ, ಇವಳು ಕೇಳ್ತಾಳೆ. ನಮ್ಮವ್ವ ಗೆಣಸಿಗೆ ಬಾಣಂತಿ ಸ್ನಾನ ಮಾಡಿಸ್ತಿರ್ಲಿಲ್ಲ ಕಣೇ! ಮಗೂನ ಕಾಲು ಕಟ್ಟಿದ್ದು ಗೆಣಸಲ್ಲ, ನಿನ್ನ ಕೆಟ್ಟ ಕಣ್ಣು!"

ಸೊಸೆ ಮಲೆಂಬೆಯ ಎದೆ ಬಿರಿಯಿತು... ಕಳೆದ ವರ್ಷ ಎಂಟರ ಪ್ರಾಯದ ಮಗಳು ನ್ಸೋನಾ ಬೆಳಗ್ಗೆ ಎದ್ದಾಗ ಕಾಲುಗಳು ಸೆಟೆದುಹೋಗಿದ್ದವು. ಕಹಿ ಗೆಣಸಿನ ವಿಷದಿಂದ ಕಾಲು ಕಟ್ಟುವ ಕೊಂಜೊ ರೋಗ! ಹೋದ ನಡಿಗೆ ಬಾರದು, ಆದರೆ ಕಹಿ ಗೆಣಸನ್ನೇ ತಿಂದರೆ ಕುಂಟುವ ನಡಿಗೆಯೂ ಹೋದೀತು ಎಂದಿದ್ದಳು ನರ್ಸ್. ಚೆನ್ನಾಗಿ ನೆನೆದ ಹಿಟ್ಟು, ಅಲಸಂದೆ, ಮೀನು... ಮಗುವಿಗೆ ಅದೇ ಕಾವಲು.

ಅಂದಿನಿಂದ ಮಲೆಂಬೆ ಹೊಳೆಯ ಮೇಲಿನ ತಿರುವಿನಲ್ಲಿ ನಾಲ್ಕು ಗೆಣಸು ಬಚ್ಚಿಟ್ಟು ನೆನೆಸತೊಡಗಿದಳು. ಆ ಹಿಟ್ಟಿನ ಲುಕು ಮುದ್ದೆ ಗುಬ್ಬಿಗೂ ಸಾಲದಷ್ಟು! ಅದೂ, ತನ್ನ ಪಾಲಿನ ಅಲಸಂದೆಯೂ ಮಗಳಿಗೆ.

"ನೀನು ತಿನ್ನಮ್ಮಾ..."

"ನಂದು ಅಜ್ಜಿ ಮಡಕೇಲಿದೆ ಪುಟ್ಟಿ. ಬೇಗ ನುಂಗು!"

ಒಣಗಾಲ ಮುಗಿಯುವ ಮುನ್ನ, ಕೊಡ ಹೊತ್ತು ಬರುತ್ತಿದ್ದ ಮಲೆಂಬೆ ಬಾಗಿಲಲ್ಲೇ ಬಿದ್ದಳು.

"ಏಳೇ ನಾಟಕದವಳೇ! ಕೊಡ ಒಡೆದೆಯಲ್ಲ!"

"ಕಾಲು ಮಾತು ಕೇಳ್ತಿಲ್ಲ ಅತ್ತೆ..."

ಮತೊಂಡೊ ಸೊಸೆಯ ಕಾಲು ಹಿಡಿದಳು. ಒನಕೆಯಂತೆ ಬಿಗಿದಿದ್ದವು! ನ್ಸೋನಾ ಬಿಕ್ಕಿದಳು: "ಅಜ್ಜೀ... ಅಮ್ಮ ಒಳ್ಳೆ ಹಿಟ್ಟೆಲ್ಲ ನಂಗೇ ಕೊಟ್ಳು. ಅವಳು ತಿಂದಿದ್ದು ನಿನ್ನ ಮಡಕೇದು!"

"ನಾನೇ... ನಾನೇ ಬಡಿಸಿದ್ನಲ್ಲೇ ತಾಯಿ! ನನ್ನ ಕೈಯಾರೆ!" ಎಂದು ಮುದುಕಿ ಎದೆ ಬಡಿದುಕೊಂಡಳು.

"ಅಳ್ಬೇಡಿ ಅತ್ತೆ. ಪುಟ್ಟಿ ಇನ್ನೂ ನಡೀತಾಳಲ್ಲ..."

ಮಲೆಂಬೆಯ ಕಾಲುಗಳು ಮತ್ತೆ ಮೊದಲಿನಂತಾಗಲೇ ಇಲ್ಲ.

ಮರುದಿನದಿಂದ ಮತೊಂಡೊ ಹೊಳೆದಂಡೆ ಬಿಟ್ಟು ಕದಲಲಿಲ್ಲ. ಎರಡನೆಯ ಸಂಜೆ, ಹಸಿದ ನೆರೆಯವಳೊಬ್ಬಳು ಕೆಣಕಿದಳು: "ಏನಕ್ಕಾ, ಗೆಣಸು ಓಡಿಹೋಗುತ್ತಾ? ಎತ್ತು, ಬೇಯಿಸೋಣ."

ಮುದುಕಿ ಬುಟ್ಟಿಯನ್ನು ಇನ್ನಷ್ಟು ಆಳಕ್ಕೆ ಒತ್ತಿದಳು.

"ನಾಳೆವರೆಗೂ ಮುಟ್ಟಬೇಡ. ನನ್ನ ಸೊಸೆ ಉಣ್ಣೋದು ಇದು."