ಅಸಹ್ಯ ಅಂತ ಬಾಯಿಬಿಟ್ಟು ಹೇಳಿದವನು

"ಮುಟ್ಟಬೇಡಿ ನನ್ನ!"

ಅವನು ಕೂಗಿದ ರಭಸಕ್ಕೆ ಅವಳು ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು.

ಮಾನಸಿಕ ಚಿಕಿತ್ಸೆಯ ತುರ್ತು ಘಟಕ. ಬೆಳಗಿನ ಹತ್ತು ಗಂಟೆ. ಕಾರಿಡಾರಿನ ತುದಿಯ ವಾಶ್‌ಬೇಸಿನ್ ಮುಂದೆ ಬಾಗಿ ನಿಂತಿದ್ದ ಆ ಮನುಷ್ಯ ಮೊಣಕೈವರೆಗೂ ಸೋಪು ಹಚ್ಚಿ ಚರ್ಮ ಕಿತ್ತುಹೋಗುವಂತೆ ಉಜ್ಜುತ್ತಿದ್ದ. ಕೆನ್ನೆಯ ಮೇಲೆ ಇನ್ನೂ ಎಂಜಲಿತ್ತು. ಹತ್ತು ನಿಮಿಷದ ಹಿಂದೆ ಅವನ ಸ್ವಂತ ತಾಯಿಯೇ ಅವನ ಮುಖಕ್ಕೆ ಉಗುಳಿ ಒಳಗೆ ಹೋಗಿದ್ದರು.

ಅವನ ಅಂಗಿಯಿಂದ ಬರುತ್ತಿದ್ದ ನಾತವೋ... ಕೊಳೆತ ಆಲೂಗಡ್ಡೆ, ಇಲಿಯ ಮೂತ್ರ, ವರ್ಷಗಟ್ಟಲೆ ಗಾಳಿಯಾಡದ ಬಟ್ಟೆ, ಎಲ್ಲ ಸೇರಿದ ನಾತ. ಅವಳ ಮೂಗು ತಾನಾಗಿಯೇ ಮಡಚಿಕೊಂಡಿತು. ಆ ಮೂಗಿನ ದೆಸೆಯಿಂದಲೇ ಅಲ್ಲಿನ ದೊಡ್ಡ ಸಿಸ್ಟರ್ ಅವಳಿಗೆ 'ನಿಂಬೆಹುಳಿ' ಎಂದು ಹೆಸರಿಟ್ಟಿದ್ದರು. ಈಗ ಇಡೀ ಘಟಕ ಅವಳನ್ನು ಹಾಗೇ ಕರೆಯುತ್ತಿತ್ತು.

"ನಾನು ಡಾಕ್ಟರಲ್ಲ, ನರ್ಸೂ ಅಲ್ಲ," ಎಂದಳು ನಿಂಬೆಹುಳಿ. "ಇಲ್ಲಿಗೆ ಬರೋ ಮನೆಯವರ ಜೊತೆಗಿರೋದು ನನ್ನ ಕೆಲಸ. ನನ್ನ ಅಣ್ಣ ಇದೇ ವಾರ್ಡಿನಲ್ಲಿ ನಾಲ್ಕು ಸಲ ಇದ್ದ. ಹಾಗಾಗಿ ನಿಮ್ಮ ಕಷ್ಟ ನನಗೆ..."

"ಅರ್ಥ ಆಗುತ್ತೆ ಅಂತೀರಾ?"

"ಹೌದು."

ಅವನು ನಲ್ಲಿ ನಿಲ್ಲಿಸಿ ಅವಳತ್ತ ತಿರುಗಿದ. ನಿದ್ದೆಯಿಲ್ಲದ ಕೆಂಪು ಕಣ್ಣುಗಳು.

"ಹಾಗಾದ್ರೆ ಬರ್ಕೊಳ್ಳಿ. ನಮ್ಮಮ್ಮನ್ನ ಕಂಡ್ರೆ ನನಗೆ ಅಸಹ್ಯ ಆಗುತ್ತೆ. ವಾಕರಿಕೆ ಬರುತ್ತೆ. ಬರ್ಕೊಂಡ್ರಾ?"

ಥೂ! ಎಂಥ ಮಗ ಇವನು! ಹೆತ್ತ ತಾಯಿ ಒಳಗೆ ನಡುಗುತ್ತಾ ಮಲಗಿದ್ದಾರೆ, ಇವನು ಇಲ್ಲಿ ನಿಂತು ಇಂಥ ಮಾತಾಡುತ್ತಿದ್ದಾನಲ್ಲ!

ಅವನು ಲಿಫ್ಟ್ ಮೆಕ್ಯಾನಿಕ್ ಎಂದು ಫಾರಂನಲ್ಲಿ ಬರೆದುಕೊಳ್ಳುವಾಗ ಅವಳ ಪೆನ್ನು ಕಾಗದವನ್ನೇ ಹರಿದುಹಾಕಿತು.

*

ಪ್ರತಿ ಬುಧವಾರ ಮಧ್ಯಾಹ್ನ ಮನೆಯವರ ಸಭೆ. ಏಳೆಂಟು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಲಾಸ್ಕ್ ಚಹಾ. ಮೊದಲು ನಿಂಬೆಹುಳಿ ತನ್ನ ಕಥೆ ಹೇಳಬೇಕು, ಆಮೇಲೆ ಉಳಿದವರು.

"ನಮ್ಮಣ್ಣ ಹುಷಾರು ತಪ್ಪಿದಾಗ ನನಗೆ ಹತ್ತೊಂಬತ್ತು," ಎಂದು ಅವಳು ಶುರುಮಾಡಿದಳು. ನೂರು ಸಲ ಹೇಳಿ ಹೇಳಿ ನುಣುಪಾಗಿದ್ದ ಕಥೆ. "ಒಂದೇ ಒಂದು ದಿನ ಬೇಸರ ಮಾಡ್ಕೊಳ್ದೆ ನೋಡ್ಕೊಂಡೆ. ಪ್ರೀತಿಯಿಂದ ಏನು ಬೇಕಾದ್ರೂ ಗೆಲ್ಲಬಹುದು."

ಎಲ್ಲರೂ ತಲೆಯಾಡಿಸಿದರು. ಮೂಲೆಯ ಕುರ್ಚಿಯಲ್ಲಿದ್ದ ಮೆಕ್ಯಾನಿಕ್ ಮಾತ್ರ ಕೈಯೆತ್ತಿದ.

"ಒಂದು ದಿನಾನೂ ಅಸಹ್ಯ ಆಗ್ಲಿಲ್ವಾ?"

"ಇಲ್ಲ."

"ಮೂಗು ಮುಚ್ಕೋಬೇಕು ಅನ್ನಿಸ್ಲಿಲ್ವಾ? ಆ ಮೂಗು ಇಟ್ಕೊಂಡೂ?"

ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು.

"ಇಲ್ಲ ಅಂದೆನಲ್ಲ!"

"ಸರಿ. ಹಾಗಾದ್ರೆ ನಿಮ್ಮಿಂದ ನನಗೇನೂ ಉಪಯೋಗ ಇಲ್ಲ."

ಅವನು ಎದ್ದು ಹೋದ.

ಅಹಂಕಾರಿ! ಕಲ್ಲು ಮನಸ್ಸಿನವನು! ಅವಳು ಮನಸ್ಸಿನಲ್ಲೇ ಬೈಯುತ್ತಾ ಪಕ್ಕದಲ್ಲಿದ್ದ ಹೆಂಗಸಿನತ್ತ ತಿರುಗಿದಳು. ಗಂಡನನ್ನು ವಾರ್ಡಿಗೆ ಸೇರಿಸಿ ಎರಡು ವಾರವಾಗಿದ್ದ ಆಕೆ ಬಾಗಿಲನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಮತ್ತೆ ನಿಂಬೆಹುಳಿಯ ಮುಖ ನೋಡಿ, ತುಟಿ ಬಿಗಿಹಿಡಿದು, "ನನಗೇನೂ ಇಲ್ಲ ಹೇಳೋಕೆ," ಎಂದುಬಿಟ್ಟಳು.

ಆ ಬಿಗಿದ ತುಟಿ ಮನೆಗೆ ಹೋದರೂ ನಿಂಬೆಹುಳಿಯ ಕಣ್ಣಮುಂದಿನಿಂದ ಹೋಗಲಿಲ್ಲ. ನನ್ನ ಕಥೆ ಕೇಳಿ ಆಕೆಯ ಬಾಯಿ ಮುಚ್ಚಿಹೋಯಿತಾ?

*

ಮೆಕ್ಯಾನಿಕ್‌ನ ತಾಯಿಯನ್ನು ಮನೆಗೆ ಕಳಿಸುವ ಮೊದಲು ಮನೆ ಬದುಕುವ ಹಾಗಿದೆಯೇ ಎಂದು ನೋಡಬೇಕಿತ್ತು. ಆ ಕೆಲಸ ಬಿದ್ದದ್ದು ನಿಂಬೆಹುಳಿಯ ತಲೆಗೇ.

ಬಾಗಿಲು ಅರ್ಧವಷ್ಟೇ ತೆರೆಯಿತು. ಹಿಂದೆ ಏನೋ ಒತ್ತಿಕೊಂಡಿತ್ತು. ಅವಳೂ ಮೆಕ್ಯಾನಿಕ್ಕೂ ಅಡ್ಡಡ್ಡವಾಗಿ ನುಸುಳಿದರು.

ಎದೆಮಟ್ಟಕ್ಕೆ ಪತ್ರಿಕೆಗಳ ರಾಶಿ. ತೊಳೆಯದ ಹಾಲಿನ ಪ್ಯಾಕೆಟ್ಟುಗಳು ಸಾವಿರಾರು, ಹುಳಿದು, ಒಂದಕ್ಕೊಂದು ಅಂಟಿಕೊಂಡು. ಗಾಜಿನ ಬಾಟಲಿಗಳಲ್ಲಿ ಕೂದಲು, ಕತ್ತರಿಸಿದ ಉಗುರು. ಕಾಲಿಟ್ಟಲ್ಲಿ ಏನೋ ಪಿಚಕ್ಕೆಂದಿತು. ಅಡುಗೆಮನೆಯ ಸಿಂಕಿನಲ್ಲಿ ಬೂದುಬಣ್ಣದ ಬೂಷ್ಟು ಹಿಡಿದ ಏನೋ ಒಂದು... ಅದು ಅಲುಗಾಡುತ್ತಿತ್ತು!

"ಹುಳ," ಎಂದ ಅವನು ಸಹಜವಾಗಿ. "ನಿನ್ನೆ ತಾನೇ ತೆಗೆದಿದ್ದೆ. ಮತ್ತೆ ಬಂದಿವೆ."

ಮುಗಿಯಿತು. ಅವಳು ಬಾಯಿಗೆ ಕೈ ಒತ್ತಿಕೊಂಡು ಹೊರಗೋಡಿದಳು. ಮೆಟ್ಟಿಲ ಮೇಲೆ ಕುಕ್ಕರಿಸಿ, ಬೆಳಿಗ್ಗೆ ತಿಂದ ಬ್ರೆಡ್ಡನ್ನೆಲ್ಲ ವಾಂತಿ ಮಾಡಿಕೊಂಡಳು.

ಅವನು ನೀರಿನ ಬಾಟಲಿ ತಂದು ಕೊಟ್ಟ. ಮೊಟ್ಟಮೊದಲ ಸಲ ಅವನ ಮುಖದಲ್ಲಿ ನಗು!

"ನಗ್ತೀರಾ?" ಎಂದಳು ಅವಳು ಕಣ್ಣೀರು ಒರೆಸಿಕೊಳ್ಳುತ್ತಾ.

"ಸಂತೋಷಕ್ಕೆ ನಗ್ತಿದ್ದೀನಿ. ಹನ್ನೊಂದು ವರ್ಷದಿಂದ ಈ ಮನೇಲಿದ್ದೀನಿ. ನನಗೊಬ್ಬನಿಗೇ ಹೀಗಾಗೋದು ಅಂದ್ಕೊಂಡಿದ್ದೆ."

ಹನ್ನೊಂದು ವರ್ಷ! ಒಳಗೆ, ಅವನು ಮಲಗುವಲ್ಲಿ ಮಂಚದಷ್ಟೇ ಅಗಲದ ಒಂದು ಪಟ್ಟಿ ಮಾತ್ರ ಖಾಲಿಯಿದ್ದುದನ್ನು ಅವಳು ನೋಡಿದ್ದಳು. ಫಳಫಳ ಹೊಳೆಯುವ ಬಚ್ಚಲನ್ನೂ ನೋಡಿದ್ದಳು. ತಾಯಿ ಜಾರಿ ಬೀಳಬಾರದೆಂದು ಅಲ್ಲಿ ಗೋಡೆಗೆ ಹಿಡಿಕೆ ಹಾಕಿದ್ದ.

"ಬೇರೆ ಮನೆ ಮಾಡ್ಬಹುದಿತ್ತಲ್ಲ?"

"ಮಾಡಿದ್ರೆ ಅಮ್ಮನಿಗೆ ಊಟ ಯಾರು ಹಾಕ್ತಿದ್ರು? ಅಸಹ್ಯ ಆಗುತ್ತೆ ಅಂದೆ, ಬಿಟ್ಟುಹೋಗ್ತೀನಿ ಅಂದೆನಾ?" ಅವನು ಅವಳ ಪಕ್ಕದ ಮೆಟ್ಟಿಲ ಮೇಲೆ ಕುಳಿತ. ದನಿ ಇಳಿಯಿತು. "ತಪ್ಪು ನಂದೇ. ಅಮ್ಮ ಕಣ್ಣಾಸ್ಪತ್ರೆಗೆ ಹೋದಾಗ ಆಳುಗಳನ್ನ ಕರೆಸಿ ಒಂದು ರೂಮು ಪೂರ್ತಿ ಖಾಲಿ ಮಾಡಿಸ್ದೆ. ಬಂದು ನೋಡಿದ್ಲು. ಖಾಲಿ ನೆಲದ ಮೇಲೆ ನಾಲ್ಕು ದಿನ ಕೂತಿದ್ಲು. ನೀರೂ ಕುಡೀಲಿಲ್ಲ. 'ನೀನು ನನ್ನ ಮಗ ಅಲ್ಲ, ಅವನ ವೇಷ ಹಾಕ್ಕೊಂಡು ಬಂದಿರೋ ಕಳ್ಳ' ಅಂದ್ಲು. ಅದಕ್ಕೇ ಉಗುಳಿದ್ದು."

ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಈ ಮನುಷ್ಯನನ್ನು ನಾನು ಏನೆಂದುಕೊಂಡೆ!

"ನಾನು ಬುಧವಾರ ಹೇಳಿದ್ದು ಸುಳ್ಳು," ಎಂದಳು ಮೆಲ್ಲಗೆ.

"ಗೊತ್ತಿತ್ತು."

"ಅಣ್ಣ ಸ್ನಾನ ಮಾಡ್ತಿರ್ಲಿಲ್ಲ. ರೂಮಲ್ಲಿ ಬಾಟಲಿ ತುಂಬ ಮೂತ್ರ ಇಟ್ಕೊಂಡಿರ್ತಿದ್ದ. ಒಂದಿನ ಸ್ವಲ್ಪ ಹುಷಾರಾಗಿ, ತಾನು ತಿನ್ನೋ ಬ್ರೆಡ್ಡಲ್ಲಿ ಒಂದು ಚೂರು ಮುರಿದು ನನ್ನ ಬಾಯಿ ಹತ್ರ ತಂದ. ಚಿಕ್ಕೋಳಿದ್ದಾಗ ಹಾಗೇ ತಿನ್ನಿಸ್ತಿದ್ದ. ನಾನು ಅವನ ಉಗುರು ನೋಡ್ದೆ. 'ಛೀ, ಮುಟ್ಟಬೇಡ' ಅಂದೆ." ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು. "ಈಗ ಅವನು ಬೇರೆ ಊರಲ್ಲಿದ್ದಾನೆ, ಚೆನ್ನಾಗಿದ್ದಾನೆ. ಆದ್ರೆ ಇವತ್ತಿಗೂ ನನಗೆ ಏನೂ ಕೈಗೆ ಕೊಡಲ್ಲ. ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ತಾನೆ..."

ಅವನು ಒಳಗಿನಿಂದ ಬಕೆಟ್ ನೀರು ತಂದು ಮೆಟ್ಟಿಲ ಮೇಲಿನ ವಾಂತಿ ತೊಳೆದು, ಮತ್ತೆ ಅವಳ ಪಕ್ಕದಲ್ಲೇ ಬಂದು ಕುಳಿತ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

*

ಆಮೇಲೆ ಎರಡು ತಿಂಗಳು ಮನೆ ತೆರವಿನ ಕೆಲಸ. ಒಂದೇ ನಿಯಮ: ತಾಯಿಯನ್ನು ಕೇಳದೆ ಒಂದು ಕಾಗದದ ಚೂರೂ ಹೊರಗೆ ಹೋಗಕೂಡದು. ವಾರಕ್ಕೆ ಮೂರು ಮಧ್ಯಾಹ್ನ ಅವರನ್ನು ವಾರ್ಡಿನಿಂದ ಕರೆತಂದು ಅಂಗಳದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದ ಆಕೆ ಒಂದೊಂದು ಪ್ಯಾಕೆಟ್ಟನ್ನೂ ಉತ್ತರಪತ್ರಿಕೆ ತಿದ್ದುವಂತೆ ತಿರುಗಿಸಿ ನೋಡಿ "ಪಾಸು", "ಫೇಲು" ಎನ್ನುತ್ತಿದ್ದರು. ಔಷಧಿ ಹತ್ತಿದ ಮೇಲೆ ಮಗನನ್ನು ಕಳ್ಳ ಎನ್ನುವುದೂ ನಿಂತಿತ್ತು.

"ಏ ಹುಡುಗಿ, ಆ ಮೂಗನ್ನ ಇಸ್ತ್ರಿ ಮಾಡ್ಕೊಂಡು ಬಾ," ಎಂದು ಅವಳನ್ನು ರೇಗಿಸುತ್ತಿದ್ದರು.

"ನಿಮ್ಮ ಮನೆ ವಾಸನೆ ಹಾಗಿದೆ ಅಮ್ಮಾ, ನಾನೇನ್ ಮಾಡ್ಲಿ?"

"ಮಗನೇ ಕೇಳಿಸ್ಕೋ, ಇವಳೊಬ್ಬಳು ನಿಜ ಹೇಳ್ತಾಳೆ!"

ಒಂದು ಮಧ್ಯಾಹ್ನ ಅಡುಗೆಮನೆಯ ಕಪಾಟು ಖಾಲಿ ಮಾಡುವಾಗ ಮೇಲಿನ ಅರೆಯಿಂದ ಅವಳ ತಲೆಯ ಮೇಲೆ ಏನೋ ಉದುರಿತು. ಹರಿದಾಡಿತು. ಅವಳು ಕಲ್ಲಾಗಿ ನಿಂತಳು.

"ಅಲುಗಾಡಬೇಡಿ," ಎಂದು ಅವನು ಹತ್ತಿರ ಬಂದ. "ಕಣ್ಮುಚ್ಕೊಳ್ಳಿ. ಉಸಿರು ಬಿಡಿ... ಹಾಂ, ನಿಧಾನ." ಲಿಫ್ಟಿನೊಳಗೆ ಸಿಕ್ಕಿಬಿದ್ದವರ ಜೊತೆ ಮಾತಾಡುವ ದನಿ ಅದು. ಅವಳ ಕೂದಲಿನಿಂದ ಒಂದು ಜಿರಳೆ, ಇನ್ನೊಂದು, ಎರಡು ಬಿಳಿ ಹುಳ... ಒಂದೊಂದಾಗಿ ತೆಗೆದ. "ಆಯ್ತು. ಎಲ್ಲ ಹೋಯ್ತು."

ಅವಳು ಕಣ್ತೆರೆದಳು. ಅವನು ಒಂದು ಗೇಣು ದೂರದಲ್ಲಿದ್ದ. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು... ಜಿರಳೆಗಲ್ಲ!

ಅಯ್ಯೋ! ಇಡೀ ಲೋಕದಲ್ಲಿ ಬೇರೆ ಜಾಗ ಸಿಗಲಿಲ್ಲವೇ ನನಗೆ? ಈ ಕೊಳೆತ ಕಪಾಟಿನ ಮುಂದೆಯೇ ಇದು ಆಗಬೇಕಿತ್ತೇ?

ಮರುದಿನ ಬೆಳಿಗ್ಗೆಯೇ ಅವಳು ದೊಡ್ಡ ಸಿಸ್ಟರ್ ಎದುರು ನಿಂತಳು.

"ಆ ಮನೆಯವರನ್ನ ಬೇರೆಯವರಿಗೆ ಒಪ್ಪಿಸಿ. ನನ್ನ ಕೈಲಾಗಲ್ಲ."

ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. "ನಿನಗೆ ಆ ಮೆಕ್ಯಾನಿಕ್ ಮೇಲೆ ಮನಸ್ಸಾಗಿದೆ."

"ಹೌದು," ಎಂದು ಅವಳು ತಲೆತಗ್ಗಿಸಿದಳು.

"ನಿಜ ಹೇಳಿದ್ದು ಒಳ್ಳೇದಾಯ್ತು. ಆದ್ರೆ ಕೇಳು. ಮುಳುಗ್ತಿರೋನು ಕೈಗೆ ಸಿಕ್ಕಿದ್ದನ್ನ ತಬ್ಕೋತಾನೆ. ಅದನ್ನ ಪ್ರೀತಿ ಅಂತ ನಂಬ್ಕೊಂಡ್ರೆ ಅನ್ಯಾಯ ಅವನಿಗೇ. ಆರು ತಿಂಗಳು ನೀನು ಅವನ ಜೊತೆ ಮಾತಾಡಬಾರದು. ಕಾರಣಾನೂ ಹೇಳಬಾರದು. ಅವನು ತನ್ನ ಕಾಲಮೇಲೆ ನಿಲ್ಲಲಿ."

ಎರಡು ದಿನದ ಮೇಲೆ ಅವನಿಂದ ಮೆಸೇಜು ಬಂತು: "ನಿಮ್ಮ ಬದಲು ಬೇರೆಯವರು ಬಂದ್ರು. ಅರ್ಥ ಆಯ್ತು. ಆ ಹುಳ ತಲೆ ಮೇಲೆ ಬಿದ್ದ ಮೇಲೆ ಯಾರು ತಾನೇ ಬರ್ತಾರೆ? ಬೇಜಾರಿಲ್ಲ. ನನಗೂ ಸ್ನಾನ ಮಾಡಿದ್ರೂ ಮನೆ ವಾಸನೆ ಹೋಗಲ್ಲ."

ಅಲ್ಲ... ಅದಲ್ಲ ಕಣೋ! ಅವಳು ಫೋನನ್ನು ಎದೆಗೊತ್ತಿಕೊಂಡು ಅತ್ತಳು. ಉತ್ತರ ಬರೆಯುವಂತಿರಲಿಲ್ಲ. ಅವನ ಕಣ್ಣಲ್ಲಿ ಅವಳೂ ಈಗ ಮೂಗು ಮುಚ್ಚಿಕೊಂಡು ಓಡಿದವಳು.

ಆ ಬುಧವಾರ ಸಭೆಯಲ್ಲಿ ಅವಳು ನುಣುಪು ಕಥೆಯನ್ನು ಹೇಳಲಿಲ್ಲ. ಮೂತ್ರದ ಬಾಟಲಿಗಳ ವಿಷಯ ಹೇಳಿದಳು. ಬ್ರೆಡ್ಡಿನ ಚೂರಿನ ವಿಷಯ ಹೇಳಿದಳು. "ನನಗೆ ನಮ್ಮಣ್ಣನ್ನ ಕಂಡ್ರೆ ಅಸಹ್ಯ ಆಗ್ತಿತ್ತು," ಎಂದಳು.

ಅಂದು ತುಟಿ ಬಿಗಿದಿದ್ದ ಆ ಹೆಂಗಸು ಸೆರಗು ಹಿಂಡುತ್ತಾ ಬಾಯಿಬಿಟ್ಟಳು:

"ನನ್ನ ಗಂಡ ಪಕ್ಕ ಬಂದು ಕೂತ್ರೆ ನನಗೆ ಹೊಟ್ಟೆ ತೊಳಸುತ್ತೆ. ಎರಡು ವರ್ಷದಿಂದ... ಯಾರಿಗೂ ಹೇಳಿರ್ಲಿಲ್ಲ."

ಆ ದಿನ ಸಭೆ ಮುಗಿಯಲು ಸಂಜೆಯಾಯಿತು.

*

ಆರು ತಿಂಗಳು ಮುಗಿದು ಹನ್ನೆರಡು ದಿನವಾಗಿತ್ತು. ಆದರೆ ನಿಂಬೆಹುಳಿಗೆ ಧೈರ್ಯವೇ ಬರಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಅವನು ನನ್ನನ್ನು ಕಂಡರೆ ಹೇಸುವುದಿಲ್ಲವೇ?

ಮಾತ್ರೆ ತೆಗೆದುಕೊಳ್ಳಲು ಬಂದ ಅವನ ತಾಯಿ, ಮೇಷ್ಟ್ರಮ್ಮ, ಅವಳನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದರು. ಒಗೆದ ಸೀರೆ, ಬಾಚಿದ ತಲೆ.

"ನಮ್ಮನೆ ಗಬ್ಬು ತಡೀಲಾರದೆ ನೀನು ಬಿಟ್ಟುಹೋದೆ ಅಂತಾನೆ ನನ್ಮಗ. ನಿಜವಾ?"

"ಗಬ್ಬು ನಿಜ ಅಮ್ಮಾ. ಬಿಟ್ಟಿದ್ದು ಅದಕ್ಕಲ್ಲ."

"ಮತ್ಯಾಕೆ?"

ಅವಳ ಕಣ್ಣು ತುಂಬಿ ಬಂತು.

ಮೇಷ್ಟ್ರಮ್ಮ ಅವಳ ಗಲ್ಲ ಹಿಡಿದೆತ್ತಿ ನೋಡಿದರು. "ನನಗೆ ತಲೆ ಕೆಟ್ಟಿರಬಹುದು ಕಣೇ, ಕಣ್ಣು ಕೆಟ್ಟಿಲ್ಲ. ಹೋಗು. ಮಾರ್ಕೆಟ್ ಎದುರಿನ ಏಳಂತಸ್ತಿನ ಕಟ್ಟಡದಲ್ಲಿ ಕೆಲಸ ಮಾಡ್ತಿದ್ದಾನೆ. ಊಟಕ್ಕೆ ಮೊದಲು ಹೋಗು, ಆಮೇಲೆ ಮನೆಗೆ ಬಂದುಬಿಡ್ತಾನೆ."

ಅವಳು ಓಡಿದಳು.

ಕಟ್ಟಡದ ನೆಲಮಾಳಿಗೆಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಕೆಳಗೆ ಗುಂಡಿಯಲ್ಲಿ ಕಪ್ಪು ಕೊಳಚೆ ನೀರು. ಮೊಣಕಾಲವರೆಗೆ ಅದರಲ್ಲಿ ನಿಂತ ಅವನು ಸತ್ತ ಹೆಗ್ಗಣವೊಂದನ್ನು ಬಾಲ ಹಿಡಿದು ಮೇಲೆತ್ತುತ್ತಿದ್ದ.

ಅವಳನ್ನು ಕಂಡವನೇ ಹೆಗ್ಗಣವನ್ನು ಬೆನ್ನ ಹಿಂದೆ ಬಚ್ಚಿಟ್ಟ!

"ನೀ... ನೀವಾ? ಹತ್ರ ಬರಬೇಡಿ. ವಾಸನೆ..."

"ವಾಸನೆ ಅಲ್ಲ ರೀ, ಗಬ್ಬುನಾತ!" ಎನ್ನುತ್ತಾ ಅವಳು ಏಣಿ ಹಿಡಿದು ಇಳಿಯತೊಡಗಿದಳು.

"ಏನ್ ಮಾಡ್ತಿದ್ದೀರಿ? ಬೀಳ್ತೀರಿ!"

"ಆರು ತಿಂಗಳು ನಿಮ್ಮ ಜೊತೆ ಮಾತಾಡಬಾರದು ಅಂತ ಕಟ್ಟಪ್ಪಣೆ ಇತ್ತು. ಮುಗೀತು. ಈಗ ಹೇಳ್ತೀನಿ, ಕೇಳಿಸ್ಕೊಳ್ಳಿ. ನಾನು ನಿಮ್ಮ ಮನೆ ಬಿಟ್ಟಿದ್ದು ಹುಳಕ್ಕೆ ಹೆದರಿ ಅಲ್ಲ. ನೀವು ಹುಳ ತೆಗೀತಿದ್ರಲ್ಲ, ಆಗ ನನ್ನ ಮನಸ್ಸು ಕೈತಪ್ಪಿ ಹೋಯ್ತು. ನಾವು ಕೆಲಸಕ್ಕೆ ಅಂತ ಯಾರ ಜೊತೆಗಿರ್ತೀವೋ ಅವರನ್ನ ಪ್ರೀತಿಸಬಾರದು. ಅದಕ್ಕೇ ಬಿಟ್ಟೆ."

ಅವಳು ಗುಂಡಿಗೆ ಇಳಿದು ಅವನೆದುರು ನಿಂತಳು. ಅವನ ಕೈಯಿಂದ ಹೆಗ್ಗಣ ಜಾರಿ ತೊಪ್ಪೆಂದು ನೀರಿಗೆ ಬಿತ್ತು. ಕೊಳಚೆ ಇಬ್ಬರ ಮುಖಕ್ಕೂ ಸಿಡಿಯಿತು.

"ಛೀ!" ಎಂದಳು ಅವಳು.

"ಕ್ಷಮಿಸಿ! ನಾನು... ನಾನು ಆರು ತಿಂಗಳು ದಿನಾ ಎರಡು ಸಲ ಸ್ನಾನ ಮಾಡ್ದೆ. ಎಲ್ಲಾದ್ರೂ ನೀವು ಎದುರು ಸಿಕ್ಕಿಬಿಟ್ರೆ ಅಂತ..." ಅವನ ಕಣ್ಣು ಒದ್ದೆಯಾಯಿತು. "ಇವತ್ತೇ ಸಿಗಬೇಕಿತ್ತಾ?"

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂತು.

"ಅದು ಸರಿ, ನಿಮ್ಮ ಮನಸ್ಸಲ್ಲಿ ಏನಿದೆ? ಅದನ್ನ ಹೇಳ್ಲಿಲ್ಲ."

"ಹೇಳ್ತೀನಿ. ಮೇಲೆ ಹೋಗಿ ಕೈ ತೊಳ್ಕೊಂಡು ಬಂದು, ಕೈ ಹಿಡ್ಕೊಂಡೇ ಹೇಳ್ತೀನಿ. ಎರಡೇ ನಿಮಿಷ. ಇರಿ."

"ಇರಿ ಅಲ್ಲ," ಎಂದಳು ಅವಳು, ಕೆನ್ನೆಯ ಕೊಳಚೆ ಒರೆಸಿಕೊಳ್ಳುತ್ತಾ. "ಇರು ಅನ್ನಿ."

ಏಣಿಯ ಮೇಲೆ ಒಂದು ಕಾಲಿಟ್ಟವನು ನಿಂತ. ಆ ಪುಟ್ಟ ಮಾತು ಅವನ ಬಾಯಿಗೆ ಬರಲು ತುಸು ಹೊತ್ತು ಹಿಡಿಯಿತು.

"...ಇರು."

"ಇರ್ತೀನಿ," ಎಂದಳು.